ಸೇವ್ ಮಾಡದೆ ಹೊರಟವರನ್ನು ತಡೆಯುವುದು: ಲಿಂಕ್ ಕ್ಲಿಕ್ಕೋ, ಬಿಫೋರ್‌ಅನ್‌ಲೋಡೋ?

ಪ್ರಶ್ನೆ: ಒಂದು ಸಹಕಾರ ಸಂಘಕ್ಕೆ ಸಾಲದ ಅರ್ಜಿಯ ವೆಬ್ ಆ್ಯಪ್ ಮಾಡಿಕೊಟ್ಟಿದ್ದೇನೆ. ಫಾರ್ಮ್ ಉದ್ದ ಇದೆ. ಅರ್ಜಿದಾರರ ವಿವರ, ಸರ್ವೆ ನಂಬರ್, ಬೆಳೆ, ಜಾಮೀನುದಾರರು ಎಲ್ಲ ಸೇರಿ ನಲವತ್ತು ಚಿಲ್ಲರೆ ಕಲಂ. ಕೌಂಟರಿನ ಸಿಬ್ಬಂದಿ ಅರ್ಧ ತುಂಬಿಸಿ ಮೇಲಿನ ಮೆನುವಿನಲ್ಲಿ ಯಾವುದೋ ಲಿಂಕ್ ಒತ್ತಿಬಿಡುತ್ತಾರೆ, ತುಂಬಿದ್ದೆಲ್ಲ ಹೋಗುತ್ತದೆ. ಅದಕ್ಕೇ ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಪುಟದ ಎಲ್ಲ ಲಿಂಕ್‌ಗಳಿಗೂ ಕ್ಲಿಕ್ ಹ್ಯಾಂಡ್ಲರ್ (ಒತ್ತಿದಾಗ ಓಡುವ ಕೋಡ್) ಹಾಕಿ, ‘ಬದಲಾವಣೆ ಸೇವ್ ಆಗಿಲ್ಲ, ಹೋಗಬೇಕೇ?’ ಎಂಬ ಕನ್ಫರ್ಮ್ ಬರುವ ಹಾಗೆ ಮಾಡಿದೆ. ಈಗ ಪ್ರಿಂಟ್ ಲಿಂಕ್ ಒತ್ತಿದರೂ, ಒಳಗಿನ ಟ್ಯಾಬ್ ಒತ್ತಿದರೂ, ಕೊನೆಗೆ ಸೇವ್ ಒತ್ತಿದರೂ ಅದೇ ಪ್ರಶ್ನೆ ಬರುತ್ತದೆ. ಬ್ಯಾಕ್ ಒತ್ತಿದರೆ ಮಾತ್ರ ಏನೂ ಕೇಳುವುದಿಲ್ಲ. ಪುಟ ಬಿಡುವ ಮುನ್ನ ಬ್ರೌಸರ್ ಕೊಡುವ ಬಿಫೋರ್‌ಅನ್‌ಲೋಡ್ ಎಂಬ ಇವೆಂಟ್ (ಸೂಚನೆ) ಬಳಸಿ ಎಂದರು ಒಬ್ಬರು. ಬಳಸಿದರೆ ನನ್ನ ಕನ್ನಡ ಸಂದೇಶ ಬರುವುದೇ ಇಲ್ಲ, ಇಂಗ್ಲಿಷಿನಲ್ಲಿ ಬೇರೇನೋ ಬರುತ್ತದೆ. ಯಾವುದು ಸರಿ?
— ಓದುಗರು, ದಾವಣಗೆರೆ

ಉತ್ತರ: ಎರಡೂ ಬೇಕು. ಆದರೆ ನೀವು ಈಗ ಕೊಟ್ಟಿರುವ ಕೆಲಸಗಳನ್ನು ಅದಲು ಬದಲು ಮಾಡಬೇಕು. ಲಿಂಕಿನ ಕ್ಲಿಕ್ ಹಿಡಿಯುವುದು ನಿಮ್ಮ ಭಾಷೆಯಲ್ಲಿ ಮರ್ಯಾದೆಯಿಂದ ಕೇಳುವುದಕ್ಕೆ. ಏನೇ ತಪ್ಪಿಸಿಕೊಂಡರೂ ಕೊನೆಯಲ್ಲಿ ಹಿಡಿಯುವ ಬಲೆ ಬಿಫೋರ್‌ಅನ್‌ಲೋಡ್. ಇವೆರಡಕ್ಕೂ ಮೊದಲು ಒಂದು ಕೆಲಸ ಇದೆ, ನಿಮ್ಮ ಕೋಡಿನಲ್ಲಿ ಅದೇ ಇಲ್ಲ ಅನ್ನಿಸುತ್ತದೆ: ಫಾರ್ಮ್ ನಿಜವಾಗಿ ಬದಲಾಗಿದೆಯೇ ಎಂದು ಹೇಳುವ ಒಂದೇ ಒಂದು ಫಂಕ್ಷನ್. ಏನೂ ಟೈಪ್ ಮಾಡದವರನ್ನೂ ಪ್ರತಿ ಸಲ ಕೇಳುತ್ತಿದ್ದರೆ ಎರಡನೇ ದಿನಕ್ಕೆ ಸಿಬ್ಬಂದಿ ಓದದೆಯೇ ಓಕೆ ಒತ್ತುವುದು ಕಲಿತಿರುತ್ತಾರೆ. ಆಮೇಲೆ ನಿಜವಾದ ಎಚ್ಚರಿಕೆ ಬಂದಾಗಲೂ ಬೆರಳು ಓಕೆಗೇ ಹೋಗುತ್ತದೆ. ತಪ್ಪು ಎಚ್ಚರಿಕೆ ಕೊಡುವುದಕ್ಕಿಂತ ಎಚ್ಚರಿಕೆಯೇ ಇಲ್ಲದಿರುವುದು ವಾಸಿ ಎನ್ನುವ ಗುಂಪಿನವನು ನಾನು.

ಮೊದಲು ನಿಮ್ಮ ಕೋಡಿನ ರೋಗ ನೋಡೋಣ. ಲಿಂಕ್ ಎಂದರೆ ಪುಟ ಬಿಟ್ಟು ಹೋಗುವುದು ಎಂದು ನೀವು ಹಿಡಿದಿದ್ದೀರಿ. ಎಚ್‌ಟಿಎಂಎಲ್‌ನಲ್ಲಿ ಲಿಂಕ್ ಮಾಡುವ ಆ್ಯಂಕರ್ ಟ್ಯಾಗನ್ನು ಜನ ಹತ್ತು ಕೆಲಸಕ್ಕೆ ಬಳಸುತ್ತಾರೆ. ಟ್ಯಾಬ್ ತೆರೆಯುವ ಲಿಂಕಿನ ವಿಳಾಸ ಬರೀ ಹ್ಯಾಶ್ ಚಿಹ್ನೆ, ಅದು ಎಲ್ಲಿಗೂ ಹೋಗುವುದಿಲ್ಲ. ಪ್ರಿಂಟ್ ಲಿಂಕ್ ಜಾವಾಸ್ಕ್ರಿಪ್ಟ್ ಓಡಿಸುತ್ತದೆ ಅಥವಾ ಹೊಸ ಟ್ಯಾಬಿನಲ್ಲಿ ತೆರೆಯುತ್ತದೆ. ನಿಮ್ಮ ಸೇವ್ ಬಟನ್ ಕೂಡ ಬಹುಶಃ ಬಟನ್ನಿನ ವೇಷ ತೊಟ್ಟ ಆ್ಯಂಕರ್ರೇ, ಇಲ್ಲದಿದ್ದರೆ ಅದಕ್ಕೆ ನಿಮ್ಮ ಹ್ಯಾಂಡ್ಲರ್ ತಗಲುತ್ತಿರಲಿಲ್ಲ. ಅದನ್ನು ಇವತ್ತೇ ನಿಜವಾದ ಸಬ್‌ಮಿಟ್ ಬಟನ್ ಮಾಡಿ. ಇನ್ನೊಂದು ಕಡೆ, ಬ್ಯಾಕ್ ಒತ್ತುವುದು, ರಿಲೋಡ್, ವಿಳಾಸದ ಪಟ್ಟಿಯಲ್ಲಿ ಬೇರೆ ವಿಳಾಸ ಟೈಪ್ ಮಾಡುವುದು, ಟ್ಯಾಬ್ ಮುಚ್ಚುವುದು ಇವು ಯಾವುದರಲ್ಲೂ ನಿಮ್ಮ ಪುಟದೊಳಗೆ ಕ್ಲಿಕ್ ಎಂಬುದೇ ಆಗುವುದಿಲ್ಲ. ಲಿಂಕನ್ನಷ್ಟೇ ಕಾಯುವುದೆಂದರೆ ತಲೆಬಾಗಿಲಿಗೆ ಕಾವಲು ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ.

ಹಿತ್ತಿಲ ಬಾಗಿಲಿಗೆ ಇರುವುದು ಬಿಫೋರ್‌ಅನ್‌ಲೋಡ್. ಮೈಕ್ರೋಸಾಫ್ಟ್ ಇದನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರಲ್ಲಿ ತಂದಿತು, ಅಂದರೆ 1997ರ ಹೊತ್ತಿಗೆ. ಉಳಿದ ಬ್ರೌಸರುಗಳು ನಕಲು ಮಾಡಿದವು, ಆಮೇಲೆ ಎಚ್‌ಟಿಎಂಎಲ್ 5 ಅದನ್ನು ನಿಯಮದೊಳಗೆ ಸೇರಿಸಿತು. ಆಗೆಲ್ಲ ನಮ್ಮ ಸಂದೇಶವನ್ನು ನಾವೇ ಬರೆಯಬಹುದಿತ್ತು. ಮೋಸದ ಸೈಟುಗಳು ಅದನ್ನು ಚೆನ್ನಾಗಿ ದುರುಪಯೋಗ ಮಾಡಿಕೊಂಡವು: ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ಪುಟ ಬಿಟ್ಟರೆ ಎಲ್ಲ ಅಳಿಸಿಹೋಗುತ್ತದೆ’ ಎಂಬಂಥ ಬೆದರಿಕೆ ಹಾಕಿ ಜನರನ್ನು ಅಲ್ಲೇ ಕಟ್ಟಿಹಾಕುತ್ತಿದ್ದವು. ಹಾಗಾಗಿ 2011ರಲ್ಲಿ ಫೈರ್‌ಫಾಕ್ಸ್ 4, 2016ರಲ್ಲಿ ಕ್ರೋಮ್ 51 ನಮ್ಮ ವಾಕ್ಯ ತೋರಿಸುವುದನ್ನು ನಿಲ್ಲಿಸಿದವು. ಸಫಾರಿಯೂ ಅದೇ ದಾರಿ ಹಿಡಿಯಿತು. ಈಗ ಬರುವುದು ಬ್ರೌಸರಿನ ಸ್ವಂತ ವಾಕ್ಯ, ಬ್ರೌಸರ್ ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲಿ. ನಿಮ್ಮ ಸಂಘದ ಕಂಪ್ಯೂಟರುಗಳಲ್ಲಿ ಕ್ರೋಮ್ ಇಂಗ್ಲಿಷಿನಲ್ಲಿದೆ, ಅದಕ್ಕೇ ಇಂಗ್ಲಿಷ್ ಬರುತ್ತಿದೆ. ನಿಮ್ಮ ಕೋಡ್ ಕೆಟ್ಟಿಲ್ಲ. ಅದನ್ನು ಬದಲಿಸುವ ಉಪಾಯ ಹುಡುಕುತ್ತ ಸಮಯ ಹಾಳುಮಾಡಬೇಡಿ, ಉಪಾಯ ಇಲ್ಲ. ಹ್ಯಾಂಡ್ಲರಿನ ಒಳಗೆ ಅಲರ್ಟ್, ಕನ್ಫರ್ಮ್ ಕರೆದರೂ ಬ್ರೌಸರ್ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಬಿಫೋರ್‌ಅನ್‌ಲೋಡಿನ ಹ್ಯಾಂಡ್ಲರಿನಲ್ಲಿ ಮಾಡಬೇಕಾದದ್ದು ಎರಡೇ ಸಾಲು. ಬ್ರೌಸರ್ ತಾನಾಗಿ ಮಾಡಹೊರಟಿದ್ದನ್ನು ತಡೆಯುವ, ಇವೆಂಟಿನ ಪ್ರಿವೆಂಟ್‌ಡಿಫಾಲ್ಟ್ ಕರೆಯಿರಿ, ಅದರ ಕೆಳಗೆ ರಿಟರ್ನ್‌ವ್ಯಾಲ್ಯೂ ಎಂಬುದಕ್ಕೆ ಟ್ರೂ ಕೊಡಿ. ನಿಯಮದ ಪ್ರಕಾರ ಮೊದಲನೆಯದೇ ಸಾಕು. ಆದರೆ ಕ್ರೋಮ್ 119ಕ್ಕಿಂತ, ಅಂದರೆ 2023ಕ್ಕಿಂತ, ಹಳೆಯ ಕ್ರೋಮ್‌ಗಳಿಗೆ ಎರಡನೆಯದು ಬೇಕೇ ಬೇಕು. ಸರ್ಕಾರಿ, ಸಹಕಾರಿ ಕಚೇರಿಗಳಲ್ಲಿ ಹಳೆಯ ವಿಂಡೋಸ್ 7 ಇನ್ನೂ ಉಸಿರಾಡುತ್ತಿರುವುದು ನಿಮಗೂ ಗೊತ್ತು, ಅಲ್ಲಿ ಹೊಸ ಕ್ರೋಮ್ ಹತ್ತುವುದಿಲ್ಲ. ಹಾಗಾಗಿ ಎರಡನ್ನೂ ಬರೆಯಿರಿ. ಹಳೆಯ ಉದಾಹರಣೆಗಳಲ್ಲಿ ರಿಟರ್ನ್‌ವ್ಯಾಲ್ಯೂಗೆ ಖಾಲಿ ಸ್ಟ್ರಿಂಗ್ ಕೊಟ್ಟಿರುತ್ತಾರೆ. ಖಾಲಿ ಸ್ಟ್ರಿಂಗೊಂದನ್ನೇ ನೆಚ್ಚಿಕೊಂಡ ಕೋಡ್ ಹೊಸ ಕ್ರೋಮ್‌ನಲ್ಲಿ ಏನೂ ಕೇಳದೆ ಬಿಟ್ಟುಬಿಡುತ್ತದೆ.

ಇನ್ನೊಂದು ಮುಖ್ಯ ಸಂಗತಿ. ಈ ಲಿಸನರನ್ನು, ಅಂದರೆ ಇವೆಂಟಿಗೆ ಕಟ್ಟಿದ ಹ್ಯಾಂಡ್ಲರನ್ನು, ಪುಟ ತೆರೆದ ಕೂಡಲೇ ಹಾಕಿ ಬಿಟ್ಟುಬಿಡಬೇಡಿ. ಫಾರ್ಮ್ ಬದಲಾದಾಗ ಹಾಕಿ, ಸೇವ್ ಆದ ಮೇಲೆ ಅಥವಾ ಮೊದಲಿನಂತಾದ ಮೇಲೆ ತೆಗೆಯಿರಿ. ಬ್ಯಾಕ್ ಒತ್ತಿದಾಗ ಪುಟ ತಟ್ಟನೆ ಕಾಣಲಿ ಎಂದು ಬ್ರೌಸರುಗಳು ಬಿಟ್ಟ ಪುಟವನ್ನು ಮೆಮೊರಿಯಲ್ಲಿ ಇಡೀ ಇಟ್ಟುಕೊಂಡಿರುತ್ತವೆ. ಬಿಫೋರ್‌ಅನ್‌ಲೋಡ್ ಲಿಸನರ್ ಇರುವ ಪುಟವನ್ನು ಹಾಗೆ ಇಟ್ಟುಕೊಳ್ಳಲು ಫೈರ್‌ಫಾಕ್ಸಿನ ಹಳೆಯ ಆವೃತ್ತಿಗಳು ಹಿಂಜರಿಯುತ್ತವೆ. ಬಿಫೋರ್ ಇಲ್ಲದ ಬರೀ ಅನ್‌ಲೋಡ್ ಇವೆಂಟ್ ಇನ್ನೂ ಕೆಟ್ಟದ್ದು, ಅದರ ಹತ್ತಿರ ಹೋಗಲೇಬೇಡಿ.

ಈಗ ನಿಮ್ಮ ಕ್ಲಿಕ್ ಹ್ಯಾಂಡ್ಲರಿಗೆ ಬರೋಣ. ಬಿಫೋರ್‌ಅನ್‌ಲೋಡೇ ಎಲ್ಲವನ್ನೂ ಹಿಡಿಯುವುದಾದರೆ ಕ್ಲಿಕ್ ಯಾಕೆ ಹಿಡಿಯಬೇಕು ಎಂದು ಕೇಳಬಹುದು. ಎರಡು ಕಾರಣ. ಒಂದು, ಕನ್ನಡದಲ್ಲಿ ಕೇಳಬಹುದು, ಬರೀ ಹೌದು ಅಲ್ಲ ಎನ್ನದೆ ‘ಸೇವ್ ಮಾಡಿ ಹೋಗು’ ಎಂಬ ಮೂರನೇ ದಾರಿಯನ್ನೂ ಕೊಡಬಹುದು. ಎರಡನೆಯದು ಹೆಚ್ಚು ತೂಕದ್ದು: ಐಫೋನಿನ ಸಫಾರಿಯಲ್ಲಿ ಬಿಫೋರ್‌ಅನ್‌ಲೋಡ್ ಕೆಲಸವೇ ಮಾಡುವುದಿಲ್ಲ. ಸಂಘದ ಕಾರ್ಯದರ್ಶಿ ಫೋನಿನಲ್ಲಿ ಅರ್ಜಿ ತಿದ್ದುತ್ತ ಮೆನು ಮುಟ್ಟಿದರೆ ಅವರನ್ನು ತಡೆಯುವುದು ನಿಮ್ಮ ಕ್ಲಿಕ್ ಹ್ಯಾಂಡ್ಲರ್ ಒಂದೇ.

ಪ್ರತಿ ಲಿಂಕಿಗೂ ಬೇರೆ ಬೇರೆ ಹ್ಯಾಂಡ್ಲರ್ ಅಂಟಿಸುವುದನ್ನು ಮೊದಲು ಬಿಡಿ. ಎಲ್ಲ ಆ್ಯಂಕರ್ ಹುಡುಕಿ ಕ್ಲಿಕ್ ಕಟ್ಟುವ ಜೆಕ್ವೆರಿಯ ಆ ಒಂದು ಸಾಲು, ಆ ಗಳಿಗೆಯಲ್ಲಿ ಪುಟದಲ್ಲಿ ಇದ್ದ ಲಿಂಕ್‌ಗಳಿಗೆ ಮಾತ್ರ ಸಲ್ಲುತ್ತದೆ. ಆಮೇಲೆ ಸರ್ವರಿನಿಂದ ಬಂದು ಸೇರಿದ ಪಟ್ಟಿಯ ಲಿಂಕ್‌ಗಳು ಅದಕ್ಕೆ ಕಾಣವು. ಅದರ ಬದಲು ಡಾಕ್ಯುಮೆಂಟಿಗೇ ಒಂದು ಕ್ಲಿಕ್ ಲಿಸನರ್ ಇಡಿ. ಎಲ್ಲಿ ಒತ್ತಿದರೂ ಇವೆಂಟ್ ಮೇಲಕ್ಕೆ ಏರುತ್ತ ಅಲ್ಲಿಗೆ ಬರುತ್ತದೆ. ಬಂದಾಗ ಇವೆಂಟಿನ ಟಾರ್ಗೆಟ್ ಏನು ಎಂದು ನೇರವಾಗಿ ನೋಡಿದರೆ ಮೋಸ ಹೋಗುತ್ತೀರಿ, ಯಾಕೆಂದರೆ ಲಿಂಕಿನೊಳಗೆ ಐಕಾನ್ ಇದ್ದರೆ ಟಾರ್ಗೆಟ್ ಆ ಐಕಾನ್ ಆಗಿರುತ್ತದೆ, ಲಿಂಕ್ ಅಲ್ಲ. ‘ಮೆನುವಿನ ಅಕ್ಷರದ ಮೇಲೆ ಒತ್ತಿದರೆ ಕೇಳುತ್ತದೆ, ಚಿತ್ರದ ಮೇಲೆ ಒತ್ತಿದರೆ ಕೇಳುವುದಿಲ್ಲ’ ಎಂಬ ವಿಚಿತ್ರ ದೂರಿನ ಮೂಲ ಇದೇ. ಕ್ಲೋಸೆಸ್ಟ್ ಎಂಬ ಮೆಥಡ್ ಟಾರ್ಗೆಟಿನಿಂದ ಮೇಲಕ್ಕೆ ಹುಡುಕಿ, ಎಚ್‌ರೆಫ್ (ಲಿಂಕಿನ ವಿಳಾಸ) ಇರುವ ಹತ್ತಿರದ ಆ್ಯಂಕರನ್ನು ಕೊಡುತ್ತದೆ. ಸಿಗದಿದ್ದರೆ ಅಲ್ಲಿಗೇ ವಾಪಸ್.

ಸಿಕ್ಕಿತು ಅನ್ನಿ. ಈಗ ಕೇಳಬೇಕಾದ ಪ್ರಶ್ನೆ ಒಂದೇ: ಈ ಕ್ಲಿಕ್ಕಿನಿಂದ ಈ ಪುಟ, ಈ ಟ್ಯಾಬಿನಲ್ಲಿ, ಹೋಗಿಬಿಡುತ್ತದೆಯೇ? ಇಲ್ಲ ಎನ್ನುವ ಸಂದರ್ಭಗಳನ್ನೆಲ್ಲ ಒಂದೊಂದಾಗಿ ಕಳೆಯುತ್ತ ಬನ್ನಿ. ಇವೆಂಟಿನ ಡಿಫಾಲ್ಟ್‌ಪ್ರಿವೆಂಟೆಡ್ ಟ್ರೂ ಆಗಿದ್ದರೆ ಬೇರೆ ಯಾವುದೋ ಸ್ಕ್ರಿಪ್ಟ್ ಆಗಲೇ ಅದನ್ನು ತಡೆದು ತನ್ನ ಕೆಲಸ ಮಾಡಿಕೊಂಡಿದೆ, ನೀವು ಕೈ ಹಾಕಬೇಡಿ. ಕಂಟ್ರೋಲ್ ಅಥವಾ ಮ್ಯಾಕಿನ ಕಮಾಂಡ್ ಒತ್ತಿ ಹಿಡಿದು ಕ್ಲಿಕ್ ಮಾಡಿದರೆ ಹೊಸ ಟ್ಯಾಬ್, ಶಿಫ್ಟ್ ಹಿಡಿದರೆ ಹೊಸ ಕಿಟಕಿ, ಕ್ರೋಮ್‌ನಲ್ಲಿ ಆಲ್ಟ್ ಹಿಡಿದರೆ ಡೌನ್‌ಲೋಡ್. ಈ ನಾಲ್ಕರಲ್ಲೂ ಫಾರ್ಮ್ ಇದ್ದಲ್ಲೇ ಇರುತ್ತದೆ. ಲಿಂಕಿನ ಟಾರ್ಗೆಟ್ ಆ್ಯಟ್ರಿಬ್ಯೂಟಿನಲ್ಲಿ ಹೊಸ ಟ್ಯಾಬ್ ಎಂದು ಹೇಳುವ ‘ಅಂಡರ್‌ಸ್ಕೋರ್ ಬ್ಲ್ಯಾಂಕ್’ ಇದ್ದರೂ ಅಷ್ಟೇ. ಮೌಸಿನ ನಡುವಿನ ಗುಂಡಿಯ ಒತ್ತು ಈಗಿನ ಬ್ರೌಸರುಗಳಲ್ಲಿ ಕ್ಲಿಕ್ ಆಗಿ ಬರುವುದಿಲ್ಲ, ಆಕ್ಸ್‌ಕ್ಲಿಕ್ ಎಂಬ ಬೇರೆಯೇ ಇವೆಂಟ್ ಆಗಿ ಬರುತ್ತದೆ. ಆದರೂ ಹಳೆಯ ಬ್ರೌಸರುಗಳಿಗಾಗಿ ಬಟನ್ ಸೊನ್ನೆಯೇ ಎಂದು ನೋಡಿಕೊಳ್ಳಿ. ಡೌನ್‌ಲೋಡ್ ಆ್ಯಟ್ರಿಬ್ಯೂಟ್ ಇರುವ ಲಿಂಕ್ ಬಿಡಿ. ಮೇಲ್‌ಟು, ಟೆಲ್, ಜಾವಾಸ್ಕ್ರಿಪ್ಟ್ ಎಂದು ಶುರುವಾಗುವ ವಿಳಾಸ ಬಿಡಿ. ಲಿಂಕಿನ ಪ್ರೊಟೊಕಾಲ್ ಎಚ್‌ಟಿಟಿಪಿ ಅಥವಾ ಎಚ್‌ಟಿಟಿಪಿಎಸ್ ಆಗಿದ್ದರೆ ಮಾತ್ರ ಮುಂದಕ್ಕೆ ಹೋಗಿ ಎಂದರೆ ಒಂದೇ ಸಾಲಿನಲ್ಲಿ ಮೂರೂ ಮುಗಿಯುತ್ತವೆ.

ಉಳಿದದ್ದು ಹ್ಯಾಶ್. ಲಿಂಕಿನ ಎಚ್‌ರೆಫನ್ನು ಎರಡು ರೀತಿ ಓದಬಹುದು. ಗೆಟ್‌ಆ್ಯಟ್ರಿಬ್ಯೂಟ್ ಎಂದರೆ ನೀವು ಎಚ್‌ಟಿಎಂಎಲ್‌ನಲ್ಲಿ ಬರೆದದ್ದು ಬರೆದ ಹಾಗೇ ಸಿಗುತ್ತದೆ. ಪ್ರಾಪರ್ಟಿಯಾಗಿ ಓದಿದರೆ ಬ್ರೌಸರ್ ಬಿಡಿಸಿದ ಪೂರ್ತಿ ವಿಳಾಸ ಸಿಗುತ್ತದೆ. ಎರಡನೆಯದನ್ನು ತೆಗೆದುಕೊಂಡು, ಆರಿಜಿನ್ (ಸೈಟು), ಪಾತ್‌ನೇಮ್ (ಪುಟದ ದಾರಿ), ಸರ್ಚ್ (ಪ್ರಶ್ನೆ ಚಿಹ್ನೆಯ ನಂತರದ ಭಾಗ) ಮೂರೂ ಈಗಿನ ಪುಟದ್ದೇ ಆಗಿದ್ದು ಎಚ್‌ರೆಫ್‌ನಲ್ಲಿ ಹ್ಯಾಶ್ ಚಿಹ್ನೆ ಇದ್ದರೆ, ಅದು ಪುಟದೊಳಗಿನ ಜಿಗಿತ ಅಷ್ಟೇ. ಇಲ್ಲಿ ಒಂದು ಸೂಕ್ಷ್ಮ: ಹ್ಯಾಶ್ ಚಿಹ್ನೆಯೇ ಇಲ್ಲದೆ ಅದೇ ವಿಳಾಸಕ್ಕೆ ಹೋಗುವ ಲಿಂಕ್ ಪುಟವನ್ನು ರಿಲೋಡ್ ಮಾಡುತ್ತದೆ, ತುಂಬಿದ್ದು ಹೋಗುತ್ತದೆ. ಮೆನುವಿನಲ್ಲಿ ‘ಹೊಸ ಅರ್ಜಿ’ ಎಂಬ ಲಿಂಕ್ ಇದ್ದು, ಸಿಬ್ಬಂದಿ ಆಗಲೇ ಹೊಸ ಅರ್ಜಿಯ ಪುಟದಲ್ಲೇ ಇದ್ದರೆ ನಡೆಯುವುದು ಇದೇ. ಬರೀ ವಿಳಾಸ ಒಂದೇ ಎಂದು ಬಿಟ್ಟುಬಿಟ್ಟರೆ ಅತಿ ಹೆಚ್ಚು ಒತ್ತುವ ಲಿಂಕೇ ತಪ್ಪಿಸಿಕೊಳ್ಳುತ್ತದೆ.

ಕೀಬೋರ್ಡಿನ ಚಿಂತೆ ಬೇಡ. ಲಿಂಕಿನ ಮೇಲೆ ಫೋಕಸ್ ಇಟ್ಟು ಎಂಟರ್ ಒತ್ತಿದರೆ ಬ್ರೌಸರೇ ಒಂದು ಕ್ಲಿಕ್ ಇವೆಂಟ್ ಹುಟ್ಟಿಸುತ್ತದೆ. ಬೇರೆ ಕೀಡೌನ್ ಹ್ಯಾಂಡ್ಲರ್ ಬರೆದರೆ ಎರಡೆರಡು ಸಲ ಕೇಳಿಸಿಕೊಳ್ಳುತ್ತೀರಿ, ಅಷ್ಟೇ.

ಇದನ್ನೆಲ್ಲ ಇವೆಂಟ್ ಡಾಕ್ಯುಮೆಂಟಿನಿಂದ ಕೆಳಗಿಳಿಯುವ ಕ್ಯಾಪ್ಚರ್ ಹಂತದಲ್ಲಿ ಮಾಡಬೇಕೋ, ಮತ್ತೆ ಮೇಲೇರುವ ಬಬಲ್ ಹಂತದಲ್ಲೋ ಎಂಬ ಚರ್ಚೆ ಇದೆ. ಕ್ಯಾಪ್ಚರಿನಲ್ಲಿ ಹಿಡಿದರೆ ಯಾವ ಸ್ಕ್ರಿಪ್ಟೂ ಸ್ಟಾಪ್‌ಪ್ರೊಪಗೇಶನ್ ಹೇಳಿ ನಿಮ್ಮಿಂದ ಇವೆಂಟ್ ಮುಚ್ಚಿಡಲಾರದು. ಆದರೆ ಆ ಹೊತ್ತಿಗೆ ಬೇರೆ ಸ್ಕ್ರಿಪ್ಟುಗಳು ಓಡಿರುವುದಿಲ್ಲ, ಡಿಫಾಲ್ಟ್‌ಪ್ರಿವೆಂಟೆಡ್ ನೋಡಿ ಪ್ರಯೋಜನ ಇಲ್ಲ. ನಿಮ್ಮಂಥ ಆ್ಯಪಿಗೆ ನಾನು ಹೇಳುವುದು ಬಬಲ್. ಜೆಕ್ವೆರಿಯ ಹ್ಯಾಂಡ್ಲರಿನಲ್ಲಿ ರಿಟರ್ನ್ ಫಾಲ್ಸ್ ಎಂದರೆ ಅದು ಡಿಫಾಲ್ಟನ್ನೂ ತಡೆಯುತ್ತದೆ, ಮೇಲೇರುವುದನ್ನೂ ನಿಲ್ಲಿಸುತ್ತದೆ. ಆಗ ಲಿಂಕ್ ಎಲ್ಲಿಗೂ ಹೋಗುವುದಿಲ್ಲ, ನಿಮಗೆ ಸುದ್ದಿ ಬಾರದಿದ್ದರೂ ನಷ್ಟವಿಲ್ಲ. ಆ ಸ್ಕ್ರಿಪ್ಟ್ ತಾನೇ ಲೊಕೇಶನ್ ಬದಲಿಸಿ ಬೇರೆ ಪುಟಕ್ಕೆ ಕರೆದೊಯ್ದರೆ? ಕಂಪ್ಯೂಟರಿನಲ್ಲಿ ಬಿಫೋರ್‌ಅನ್‌ಲೋಡ್ ಹಿಡಿಯುತ್ತದೆ, ಅದಕ್ಕೆ ತಾನೇ ಅದು ಇರುವುದು. ಅಂದಹಾಗೆ, ಜೆಕ್ವೆರಿ ಬಿಟ್ಟು ಆ್ಯಡ್‌ಇವೆಂಟ್‌ಲಿಸನರ್‌ಗೆ ಬಂದಾಗ ರಿಟರ್ನ್ ಫಾಲ್ಸ್‌ಗೆ ಯಾವ ಬೆಲೆಯೂ ಇಲ್ಲ ಎಂಬುದನ್ನು ನೆನಪಿಡಿ. ಹಳೆಯ ಕೋಡನ್ನು ಹೊಸದಕ್ಕೆ ತಿರುಗಿಸುವಾಗ ಈ ಎಚ್ಚರಿಕೆ ಪೆಟ್ಟಿಗೆ ಬಂದರೂ ‘ಇಲ್ಲೇ ಇರುತ್ತೇನೆ’ ಎಂದವರನ್ನು ಕೂಡ ಸಾಗಹಾಕಿಬಿಡುವುದು ಇದರಿಂದಲೇ.

ಕೇಳುವ ಪೆಟ್ಟಿಗೆ ಯಾವುದು? ಕನ್ಫರ್ಮ್ ಸುಲಭ. ಉತ್ತರ ಬರುವವರೆಗೆ ಕೋಡ್ ಅಲ್ಲೇ ನಿಲ್ಲುತ್ತದೆ, ಬೇಡ ಎಂದರೆ ಪ್ರಿವೆಂಟ್‌ಡಿಫಾಲ್ಟ್, ಅಷ್ಟೇ ಕೆಲಸ. ಆದರೆ ಅದರ ಬಟನ್ನುಗಳ ಮೇಲೆ ಓಕೆ, ಕ್ಯಾನ್ಸಲ್ ಎಂದಷ್ಟೇ ಇರುತ್ತದೆ. ‘ಬದಲಾವಣೆ ಸೇವ್ ಆಗಿಲ್ಲ, ಹೋಗಬೇಕೇ?’ ಎಂಬುದಕ್ಕೆ ಕ್ಯಾನ್ಸಲ್ ಎಂದರೆ ಹೋಗುವುದು ಕ್ಯಾನ್ಸಲ್ಲೋ, ಬದಲಾವಣೆ ಕ್ಯಾನ್ಸಲ್ಲೋ? ಗಡಿಬಿಡಿಯಲ್ಲಿರುವ ಕೌಂಟರಿನಲ್ಲಿ ಅರ್ಧ ಜನ ತಪ್ಪು ಒತ್ತಿದರೂ ಆಶ್ಚರ್ಯವಿಲ್ಲ. ಡಯಲಾಗ್ ಎಂಬ ಎಚ್‌ಟಿಎಂಎಲ್ ಅಂಶ ಕ್ರೋಮ್‌ನಲ್ಲಿ 2014ರಿಂದಲೇ ಇತ್ತು, 2022ರ ಮಾರ್ಚಿನಲ್ಲಿ ಫೈರ್‌ಫಾಕ್ಸ್ 98 ಮತ್ತು ಸಫಾರಿ 15.4ಕ್ಕೂ ಬಂದಿತು. ಅದನ್ನು ಶೋಮೋಡಲ್ ಎಂದು ತೆರೆದರೆ ಹಿಂದಿನ ಪುಟ ಮುಟ್ಟಲು ಬರುವುದಿಲ್ಲ, ಎಸ್ಕೇಪ್ ಒತ್ತಿದರೆ ತಾನೇ ಮುಚ್ಚುತ್ತದೆ, ಮುಚ್ಚಿದಾಗ ಫೋಕಸ್ ಹಿಂದಿನ ಜಾಗಕ್ಕೆ ಮರಳುತ್ತದೆ. ಮೂರು ಬಟನ್ ಇಡಿ: ‘ಸೇವ್ ಮಾಡಿ ಹೋಗು’, ‘ಸೇವ್ ಮಾಡದೆ ಹೋಗು’, ‘ಇಲ್ಲೇ ಇರುತ್ತೇನೆ’. ಬಟನ್ನಿನ ಮೇಲಿರುವುದನ್ನು ಓದಿದರೇ ಸಾಕು, ಪ್ರಶ್ನೆ ಓದಬೇಕಾಗಿಯೇ ಇಲ್ಲ ಎನ್ನುವಂತಿರಬೇಕು. ಮೊದಲ ಫೋಕಸ್ ‘ಇಲ್ಲೇ ಇರುತ್ತೇನೆ’ ಮೇಲಿರಲಿ, ಎಸ್ಕೇಪಿಗೂ ಅದೇ ಅರ್ಥ ಇರಲಿ.

ಡಯಲಾಗಿನ ತೊಂದರೆ ಏನೆಂದರೆ ಅದು ಕೋಡನ್ನು ನಿಲ್ಲಿಸುವುದಿಲ್ಲ. ನೀವು ಉತ್ತರಕ್ಕೆ ಕಾಯುತ್ತಿರುವಾಗ ಲಿಂಕ್ ತನ್ನ ಪಾಡಿಗೆ ಹೋಗಿಬಿಡುತ್ತದೆ. ಆದ್ದರಿಂದ ಕ್ರಮ ತಿರುವುಮುರುವು: ಫಾರ್ಮ್ ಬದಲಾಗಿದ್ದರೆ ಮೊದಲೇ ಪ್ರಿವೆಂಟ್‌ಡಿಫಾಲ್ಟ್ ಮಾಡಿ, ಲಿಂಕಿನ ವಿಳಾಸ ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಆಮೇಲೆ ಡಯಲಾಗ್ ತೆರೆಯಿರಿ. ‘ಸೇವ್ ಮಾಡದೆ ಹೋಗು’ ಎಂದರೆ ಮೊದಲು ಬಿಫೋರ್‌ಅನ್‌ಲೋಡ್ ಲಿಸನರ್ ತೆಗೆದು, ಅದಾದ ಮೇಲೆ ಲೊಕೇಶನ್ ಅಸೈನ್‌ನಿಂದ ಆ ವಿಳಾಸಕ್ಕೆ ಹೋಗಿ. ಈ ತೆಗೆಯುವ ಸಾಲು ಮರೆತರೆ ನಿಮ್ಮ ಕನ್ನಡದ ಪ್ರಶ್ನೆಗೆ ಉತ್ತರಿಸಿದವರಿಗೆ ಬ್ರೌಸರ್ ಇಂಗ್ಲಿಷಿನಲ್ಲಿ ಮತ್ತೆ ಕೇಳುತ್ತದೆ. ‘ಸೇವ್ ಮಾಡಿ ಹೋಗು’ ಎಂದರೆ ಪುಟ ಬಿಡದೆಯೇ ಸರ್ವರಿಗೆ ಕಳಿಸುವ ಫೆಚ್‌ನಿಂದ ಕಳಿಸಿ, ಸರ್ವರ್ ಸರಿ ಎಂದ ಮೇಲಷ್ಟೇ ಹೋಗಿ. ನೆಟ್ ಇಲ್ಲದೆ ಅಥವಾ ಯಾವುದೋ ಕಲಂ ಖಾಲಿ ಇದ್ದು ಸೇವ್ ಆಗದಿದ್ದರೆ ಡಯಲಾಗ್ ಮುಚ್ಚಿ ಅಲ್ಲೇ ನಿಂತು ಕಾರಣ ತೋರಿಸಿ.

ಇಷ್ಟೆಲ್ಲದರ ಬುಡದಲ್ಲಿರುವುದು ‘ಬದಲಾಗಿದೆಯೇ’ ಎಂಬ ಆ ಫಂಕ್ಷನ್. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಯಾಕೆಂದರೆ ದೂರುಗಳೆಲ್ಲ ಬರುವುದು ಇಲ್ಲಿಂದ.

ಅಗ್ಗದ ದಾರಿ ಎಂದರೆ ಫಾರ್ಮಿನ ಮೇಲೆ ಇನ್‌ಪುಟ್ ಇವೆಂಟ್ ಬಂದ ಕೂಡಲೇ ಒಂದು ಬಾವುಟ ಎತ್ತುವುದು. ಒಂದಕ್ಷರ ಒತ್ತಿ ಅಳಿಸಿದರೂ ಬಾವುಟ ಇಳಿಯುವುದಿಲ್ಲ. ಸ್ಕ್ರಿಪ್ಟ್ ತಾನೇ ವ್ಯಾಲ್ಯೂ ಹಾಕಿದರೆ ಇವೆಂಟ್ ಬರುವುದೇ ಇಲ್ಲ, ಬಾವುಟ ಏಳುವುದಿಲ್ಲ. ಹೋಲಿಸುವುದು ಉತ್ತಮ: ಫಾರ್ಮ್ ಸಿದ್ಧವಾದಾಗ ಫಾರ್ಮ್‌ಡೇಟಾದಿಂದ ಎಲ್ಲ ಕಲಂಗಳ ಹೆಸರು, ವ್ಯಾಲ್ಯೂ ತೆಗೆದು ಒಂದು ಸ್ಟ್ರಿಂಗ್ ಮಾಡಿಟ್ಟುಕೊಳ್ಳಿ, ಬೇಕಾದಾಗ ಮತ್ತೆ ತೆಗೆದು ಹೋಲಿಸಿ. ನಲವತ್ತು ಕಲಮಿಗೆ ಇದು ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯದ ಕೆಲಸ. ಗುಪ್ತ ಕಲಂನಲ್ಲಿರುವ ಭದ್ರತಾ ಟೋಕನ್ ಬಿಟ್ಟುಬಿಡಿ, ಅದು ತನ್ನಷ್ಟಕ್ಕೇ ಬದಲಾಗುತ್ತಿರಬಹುದು. ಪಹಣಿಯ ಸ್ಕ್ಯಾನ್ ಸೇರಿಸುವ ಫೈಲ್ ಕಲಂ ಇದ್ದರೆ ಹೆಸರು, ಗಾತ್ರ, ಕೊನೆಯ ತಿದ್ದುಪಡಿಯ ಸಮಯ ಮೂರನ್ನೂ ಕೈಯಾರೆ ಸೇರಿಸಿ; ಫೈಲ್ ಆಬ್ಜೆಕ್ಟನ್ನು ಜೇಸನ್ ಮಾಡಿದರೆ ಖಾಲಿ ಬ್ರಾಕೆಟ್ ಮಾತ್ರ ಸಿಗುತ್ತದೆ, ಯಾವ ಫೈಲ್ ಹಾಕಿದರೂ ಒಂದೇ ರೀತಿ ಕಾಣುತ್ತದೆ. ರಿಚ್ ಟೆಕ್ಸ್ಟ್ ಎಡಿಟರ್ ಇದ್ದರೆ ಅದರೊಳಗಿನದು ಫಾರ್ಮ್‌ಡೇಟಾಗೆ ಕಾಣದಿರಬಹುದು, ಎಡಿಟರನ್ನೇ ಕೇಳಬೇಕು. ಟೈನಿಎಂಸಿಇಗೆ ಅದಕ್ಕೆಂದೇ ಈಸ್‌ಡರ್ಟಿ ಎಂಬ ಮೆಥಡ್ ಇದೆ.

ಮೊದಲ ನಕಲು ಯಾವಾಗ ತೆಗೆಯಬೇಕು ಎಂಬುದು ಜಾಣತನದ ಪ್ರಶ್ನೆ. ನಿಮ್ಮ ಫಾರ್ಮಿನಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂಬ ನಾಲ್ಕು ಪಟ್ಟಿಗಳು ಇದ್ದೇ ಇರುತ್ತವೆ, ಒಂದು ತುಂಬಿದ ಮೇಲೆ ಸರ್ವರಿನಿಂದ ಮುಂದಿನದು ಬರುತ್ತದೆ. ಹಳೆಯ ಅರ್ಜಿ ತೆರೆದಾಗ ಪುಟ ಬಂದ ಕೂಡಲೇ ನಕಲು ತೆಗೆದರೆ ಆಗಿನ್ನೂ ಹೋಬಳಿ ಖಾಲಿ. ಎರಡು ಸೆಕೆಂಡಿನ ನಂತರ ಅದು ತುಂಬುತ್ತದೆ, ಯಾರೂ ಮುಟ್ಟದೆಯೇ ಫಾರ್ಮ್ ‘ಬದಲಾಯಿತು’. ಗ್ರಾಮದ ಪಟ್ಟಿ ಬಂದು ಆಯ್ಕೆ ಕೂತ ಮೇಲೆ ನಕಲು ತೆಗೆಯಿರಿ.

ಇದರ ಉಲ್ಟಾ ಇನ್ನೂ ಅಪಾಯದ್ದು. ಸೇವ್ ಒತ್ತಿದರು, ಸರ್ವರಿಗೆ ಐಎಫ್‌ಎಸ್‌ಸಿ ಕೋಡ್ ಹಿಡಿಸಲಿಲ್ಲ, ಅದೇ ಪುಟವನ್ನು ತಪ್ಪುಗಳ ಕೆಂಪು ಸಾಲಿನೊಂದಿಗೆ ಮತ್ತೆ ಕಳಿಸಿತು. ತುಂಬಿದ್ದೆಲ್ಲ ಕಲಂಗಳಲ್ಲಿ ಹಾಗೇ ಇದೆ. ನಿಮ್ಮ ಸ್ಕ್ರಿಪ್ಟ್ ಹೊಸ ಪುಟ ಎಂದುಕೊಂಡು ಅದನ್ನೇ ಮೊದಲ ನಕಲು ಮಾಡಿಕೊಳ್ಳುತ್ತದೆ, ‘ಏನೂ ಬದಲಾಗಿಲ್ಲ’ ಎನ್ನುತ್ತದೆ. ಆದರೆ ಡೇಟಾಬೇಸಿನಲ್ಲಿ ಒಂದಕ್ಷರವೂ ಇಲ್ಲ! ಸಿಬ್ಬಂದಿ ಈಗ ಮೆನು ಒತ್ತಿದರೆ ಯಾವ ಎಚ್ಚರಿಕೆಯೂ ಇಲ್ಲದೆ ಎಲ್ಲ ಮಾಯ. ಸರ್ವರ್ ತಪ್ಪಿನೊಂದಿಗೆ ಮರಳಿಸುವಾಗ ಫಾರ್ಮ್ ಟ್ಯಾಗಿಗೆ ಒಂದು ಡೇಟಾ ಆ್ಯಟ್ರಿಬ್ಯೂಟ್ ಸೇರಿಸಿ ಕಳಿಸಲಿ. ಅದು ಕಂಡರೆ ನಿಮ್ಮ ಫಂಕ್ಷನ್ ಹೋಲಿಸುವ ಗೋಜಿಗೇ ಹೋಗದೆ ‘ಬದಲಾಗಿದೆ’ ಎನ್ನಲಿ. ಫೈರ್‌ಫಾಕ್ಸಿನ ರಿಲೋಡಿನಲ್ಲೂ ಇದರ ತಮ್ಮನೊಬ್ಬ ಇದ್ದಾನೆ: ಅದು ಹಿಂದೆ ಟೈಪ್ ಮಾಡಿದ್ದನ್ನು ಕಲಂಗಳಿಗೆ ಮರಳಿ ತುಂಬುತ್ತದೆ. ಅಲ್ಲಿ ಟೈಪ್ ಮಾಡುವ ಪ್ರತಿ ಕಲಮಿನ ವ್ಯಾಲ್ಯೂವನ್ನು ಅದರ ಡಿಫಾಲ್ಟ್‌ವ್ಯಾಲ್ಯೂ ಜೊತೆ ಹೋಲಿಸಿದರೆ ಸತ್ಯ ಗೊತ್ತಾಗುತ್ತದೆ, ಯಾಕೆಂದರೆ ಸರ್ವರ್ ಕಳಿಸಿದ ಮೂಲ ಅದರಲ್ಲೇ ಉಳಿದಿರುತ್ತದೆ.

ಸಬ್‌ಮಿಟ್ ಆಗುವಾಗ ಬಿಫೋರ್‌ಅನ್‌ಲೋಡ್ ಲಿಸನರ್ ತೆಗೆಯಬೇಕು, ಸೇವ್ ಮಾಡಿದವರನ್ನು ‘ಸೇವ್ ಮಾಡಿಲ್ಲ’ ಎಂದು ಕಾಡಬಾರದಲ್ಲ. ಅದನ್ನು ಬಟನ್ನಿನ ಕ್ಲಿಕ್ಕಿನಲ್ಲಿ ಮಾಡದೆ ಫಾರ್ಮಿನ ಸಬ್‌ಮಿಟ್ ಇವೆಂಟಿನಲ್ಲಿ ಮಾಡಿ. ಕಡ್ಡಾಯ ಕಲಂ ಖಾಲಿ ಇದ್ದರೆ ಕ್ಲಿಕ್ ಆದರೂ ಸಬ್‌ಮಿಟ್ ಇವೆಂಟ್ ಬರುವುದಿಲ್ಲ. ಸ್ಕ್ರಿಪ್ಟಿನಿಂದ ಕಳಿಸುವಾಗ ಸಬ್‌ಮಿಟ್ ಮೆಥಡ್ ಕರೆದರೆ ಈ ಇವೆಂಟ್ ಬರುವುದೇ ಇಲ್ಲ, ರಿಕ್ವೆಸ್ಟ್‌ಸಬ್‌ಮಿಟ್ ಕರೆದರೆ ಬರುತ್ತದೆ.

ಮುಂದೆ ಇದನ್ನು ವ್ಯೂ, ಆ್ಯಂಗ್ಯುಲರ್, ರಿಯಾಕ್ಟ್‌ನಂಥ ಫ್ರೇಮ್‌ವರ್ಕಿಗೆ ಬದಲಿಸುವ ಯೋಚನೆ ಇದ್ದರೆ ಒಂದು ಮಾತು. ಅಲ್ಲಿ ಪುಟದಿಂದ ಪುಟಕ್ಕೆ ಹೋಗುವುದು ನಿಜವಾದ ನಿರ್ಗಮನ ಅಲ್ಲ, ಪುಶ್‌ಸ್ಟೇಟ್‌ನಿಂದ ವಿಳಾಸ ಬದಲಿಸಿದರೆ ಬಿಫೋರ್‌ಅನ್‌ಲೋಡ್ ಬರುವುದಿಲ್ಲ. ಬ್ಯಾಕ್ ಒತ್ತಿದಾಗ ಬರುವ ಪಾಪ್‌ಸ್ಟೇಟ್ ಆಗಿಹೋದ ಮೇಲೆ ಬರುವಂಥದ್ದು, ತಡೆಯಲಾಗದು. ಅಲ್ಲಿ ರೂಟರಿನ ಬಾಗಿಲಲ್ಲೇ ಕೇಳಬೇಕು: ವ್ಯೂ ರೂಟರಿನಲ್ಲಿ ಆನ್‌ಬಿಫೋರ್‌ರೂಟ್‌ಲೀವ್, ಆ್ಯಂಗ್ಯುಲರಿನಲ್ಲಿ ಕ್ಯಾನ್‌ಡಿಆ್ಯಕ್ಟಿವೇಟ್, ರಿಯಾಕ್ಟ್ ರೂಟರಿನಲ್ಲಿ ಯೂಸ್‌ಬ್ಲಾಕರ್. ಈಗಿನ ನಿಮ್ಮ ಆ್ಯಪಿಗೆ ಇದು ಬೇಡ.

ಫೋನಿನ ವಿಷಯಕ್ಕೆ ಮರಳಿದರೆ, ಎಚ್ಚರಿಕೆಯ ಹಂಗೇ ಇಲ್ಲದ ದಾರಿ ಒಂದಿದೆ: ತುಂಬುತ್ತಿರುವುದನ್ನು ಆಗಾಗ ಕರಡಾಗಿ ಉಳಿಸುವುದು. ಆ್ಯಂಡ್ರಾಯ್ಡಿನಲ್ಲಿ ಕರೆ ಬಂತೆಂದು ಬೇರೆ ಆ್ಯಪಿಗೆ ಹೋಗಿ, ಅಲ್ಲಿಂದ ಬ್ರೌಸರನ್ನು ಉಜ್ಜಿ ಎಸೆದರೆ ಯಾವ ಇವೆಂಟೂ ಬಾರದಿರಬಹುದು. ನಂಬಬಹುದಾದ ಕೊನೆಯ ಇವೆಂಟ್ ವಿಸಿಬಿಲಿಟಿಚೇಂಜ್. ಪುಟ ಮರೆಯಾಯಿತು ಎಂದು ಅದು ಹೇಳಿದ ಕೂಡಲೇ ಕರಡು ಉಳಿಸಿಬಿಡಿ. ಲೋಕಲ್‌ಸ್ಟೋರೇಜಿನಲ್ಲಿ ಸುಮಾರು 5 ಎಂಬಿ ಜಾಗ ಸಿಗುತ್ತದೆ, ಇಂಥ ಫಾರ್ಮಿಗೆ ಅದು ಧಾರಾಳ. ಆದರೆ ನಿಮ್ಮ ಫಾರ್ಮಿನಲ್ಲಿ ಆಧಾರ್ ನಂಬರ್, ಬ್ಯಾಂಕ್ ಖಾತೆ ಇವೆ. ಕೌಂಟರಿನ ಕಂಪ್ಯೂಟರಿಗೆ ದಿನಕ್ಕೆ ಮೂವರು ಕೂರುತ್ತಾರೆ, ರೈತರು ಊರಿನ ಸೈಬರ್ ಸೆಂಟರಿನಿಂದಲೂ ತುಂಬುತ್ತಿರಬಹುದು. ಲೋಕಲ್‌ಸ್ಟೋರೇಜಿನಲ್ಲಿ ಇಟ್ಟದ್ದು ಬ್ರೌಸರ್ ಮುಚ್ಚಿದರೂ ಹೋಗುವುದಿಲ್ಲ, ಮುಂದೆ ಬಂದು ಕೂತವರಿಗೆ ಸಿಗುತ್ತದೆ. ಸೆಷನ್‌ಸ್ಟೋರೇಜ್ ಆ ಟ್ಯಾಬಿನ ಜೊತೆಗೇ ಹೋಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಲಾಗಿನ್ ಆದವರ ಹೆಸರಿನಲ್ಲಿ ಸರ್ವರಿನಲ್ಲೇ ಕರಡು ಇಡುವುದು. ಪುಟ ಮರೆಯಾಗುವಾಗ ಕಳಿಸಲು ಸೆಂಡ್‌ಬೀಕನ್ ಇದೆ, ಅದರ ಮಿತಿ 64 ಕೆಬಿ. ಸ್ಕ್ಯಾನ್ ಮಾಡಿದ ಫೈಲನ್ನು ಅದರಲ್ಲಿ ತುರುಕಲು ಹೋಗಬೇಡಿ.

ಕರಡನ್ನು ಸರ್ವರಿನ ಪ್ರತಿಯೊಂದಿಗೆ ಹೋಲಿಸುವಾಗ ಕನ್ನಡಕ್ಕೇ ಅಂಟಿದ ಒಂದು ತೊಡಕು ಇದೆ. ‘ಕೀ’ ಎಂಬುದರ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಗುಡಿಸು ಮತ್ತು ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಇಡಬಹುದು. ‘ಕೇ’, ‘ಕೊ’, ‘ಕೋ’, ‘ಕೈ’ಗಳದ್ದೂ ಇದೇ ಕಥೆ. ಕಣ್ಣಿಗೆ ಒಂದೇ, ಜಾವಾಸ್ಕ್ರಿಪ್ಟಿಗೆ ಬೇರೆ ಬೇರೆ. ಸರ್ವರ್ ಎಲ್ಲವನ್ನೂ ಒಂದು ರೂಪಕ್ಕೆ ತಂದು ಉಳಿಸಿ, ಕರಡು ಇನ್ನೊಂದು ರೂಪದಲ್ಲಿದ್ದರೆ ‘ಸೇವ್ ಆಗದ ಕರಡು ಇದೆ’ ಎಂಬ ಸಾಲು ಎಂದೆಂದಿಗೂ ಹೋಗುವುದಿಲ್ಲ. ಹೋಲಿಸುವ ಮುನ್ನ ಎರಡಕ್ಕೂ ನಾರ್ಮಲೈಸ್ ಮೆಥಡ್ ಹಾಕಿ. ಏನೂ ಹೇಳದಿದ್ದರೆ ಅದು ಎನ್‌ಎಫ್‌ಸಿ ರೂಪಕ್ಕೇ ತರುತ್ತದೆ. ಸಾಲು ಮುರಿಯುವ ಸಂಕೇತವೂ ಹಾಗೆ ಕಾಡುತ್ತದೆ. ಟೆಕ್ಸ್ಟ್‌ಏರಿಯಾದ ವ್ಯಾಲ್ಯೂ ಸಾಲಿನ ಕೊನೆಗೆ ಒಂದು ಸಂಕೇತ ಕೊಡುತ್ತದೆ, ಫಾರ್ಮ್ ಕಳಿಸುವಾಗ ಅದೇ ಎರಡಾಗಿ ಹೋಗಿ ಡೇಟಾಬೇಸಿನಲ್ಲಿ ಹಾಗೇ ಕೂತಿರುತ್ತದೆ. ಅದನ್ನೂ ಒಂದಕ್ಕಿಳಿಸಿ ಹೋಲಿಸಿ.

ಪರೀಕ್ಷೆ ಮಾಡುವಾಗ ಒಂದು ಗೊಂದಲ ಖಂಡಿತ ಎದುರಾಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಬಳಕೆದಾರ ಪುಟವನ್ನು ಒಮ್ಮೆಯಾದರೂ ಮುಟ್ಟದೆ, ಅಂದರೆ ಕ್ಲಿಕ್ಕೋ ಕೀಲಿಯೋ ಒತ್ತದೆ, ಬಿಫೋರ್‌ಅನ್‌ಲೋಡಿನ ಪೆಟ್ಟಿಗೆ ಬರುವುದಿಲ್ಲ. ಕ್ರೋಮ್ ಇದನ್ನು 2017ರ ಆವೃತ್ತಿ 60ರಿಂದ ಪಾಲಿಸುತ್ತಿದೆ. ಕನ್ಸೋಲಿನಿಂದ ಕಲಂ ಬದಲಿಸಿ ರಿಲೋಡ್ ಒತ್ತಿ, ಏನೂ ಬರಲಿಲ್ಲ ಎಂದು ಕೋಡ್ ಕೆದಕುತ್ತ ಕೂರಬೇಡಿ. ಪುಟದೊಳಗೆ ನಿಜವಾಗಿ ಟೈಪ್ ಮಾಡಿ ನೋಡಿ. ಆಮೇಲೆ ಐಕಾನಿನ ಮೇಲೆ ಕ್ಲಿಕ್, ಕಂಟ್ರೋಲ್ ಹಿಡಿದು ಕ್ಲಿಕ್, ಲಿಂಕಿನ ಮೇಲೆ ಎಂಟರ್, ‘ಹೊಸ ಅರ್ಜಿ’ಯಿಂದಲೇ ‘ಹೊಸ ಅರ್ಜಿ’, ತಪ್ಪಿನೊಂದಿಗೆ ಮರಳಿ ಬಂದ ಪುಟದಿಂದ ಮೆನು, ಇಷ್ಟನ್ನು ಕೈಯಾರೆ ಮಾಡಿ. ಪಿಡಿಎಫ್ ಇಳಿಸುವ ಲಿಂಕನ್ನು ಮರೆಯಬೇಡಿ: ಅದಕ್ಕೆ ಡೌನ್‌ಲೋಡ್ ಆ್ಯಟ್ರಿಬ್ಯೂಟ್ ಇಲ್ಲದಿದ್ದರೆ, ಬರುವುದು ಪುಟವೋ ಫೈಲೋ ಎಂದು ಬ್ರೌಸರಿಗೆ ಮೊದಲೇ ಗೊತ್ತಿರುವುದಿಲ್ಲ, ಸುಮ್ಮನೆ ಎಚ್ಚರಿಕೆ ಕೊಡುತ್ತದೆ.

ಕೊನೆಯದಾಗಿ ಲಾಗೌಟ್. ಅದೂ ಲಿಂಕೇ, ಅಲ್ಲೂ ಎಚ್ಚರಿಕೆ ಬರಲಿ. ಆದರೆ ‘ಸೇವ್ ಮಾಡದೆ ಹೋಗು’ ಎಂದವರ ಕರಡನ್ನು ಬ್ರೌಸರಿನಿಂದ ಅಳಿಸಿಯೇ ಹೊರಗೆ ಬಿಡಿ. ಸಮಯ ಮೀರಿತೆಂದು ತಾನಾಗಿ ಲಾಗೌಟ್ ಮಾಡುವ ಟೈಮರ್ ಇದ್ದರೆ ಅದು ಪುಟ ಬದಲಿಸುವ ಮುನ್ನ ಸರ್ವರಿಗೆ ಕರಡು ಕಳಿಸಿ, ಬಿಫೋರ್‌ಅನ್‌ಲೋಡ್ ಲಿಸನರ್ ತೆಗೆದಿರಲಿ. ಇಲ್ಲದಿದ್ದರೆ ಊಟಕ್ಕೆ ಎದ್ದುಹೋದವರ ಸ್ಕ್ರೀನಿನ ಮೇಲೆ ಎಚ್ಚರಿಕೆಯ ಪೆಟ್ಟಿಗೆ ನಿಂತೇ ಇರುತ್ತದೆ, ಅದರ ಹಿಂದೆ ಯಾರದೋ ಖಾತೆ ನಂಬರ್ ಎಲ್ಲರಿಗೂ ಕಾಣುತ್ತಿರುತ್ತದೆ.